ಟವಲ್ ಕೆಳಗೆ ಮೂರು ಕೈ

ಹೇಮಾವತಿ ನೀರಿನ ವಿಷಯ ಬಂದರೆ ಗುಬ್ಬಿಯವರಿಗೂ ಕುಣಿಗಲ್‌ನವರಿಗೂ ಎಣ್ಣೆ ಸೀಗೆಕಾಯಿ. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ತೋಡಿದರೆ ನಮ್ಮ ಪಾಲು ಹೋಯಿತು ಅಂತ ಗುಬ್ಬಿ ಕಡೆಯವರು ರಸ್ತೆಗಿಳಿಯುತ್ತಾರೆ. ತೋಡದಿದ್ದರೆ ನಮ್ಮ ಕೆರೆಗೆ ಬರುವುದು ಬರೀ ಆಶ್ವಾಸನೆ ಅಂತ ಕುಣಿಗಲ್‌ನವರು ಎದೆ ಬಡಿದುಕೊಳ್ಳುತ್ತಾರೆ. ತುಮಕೂರು ನಗರದವರು ಬುಗುಡನಹಳ್ಳಿ ಕೆರೆ ತುಂಬಿತೋ ಇಲ್ಲವೋ ಅಷ್ಟು ನೋಡಿಕೊಂಡು ಇಬ್ಬರಿಗೂ ಹೌದಪ್ಪ ಹೌದು ಅಂದುಬಿಡುತ್ತಾರೆ. ಇಂಥ ಮೂರು ಊರುಗಳನ್ನು ಒಂದೇ ಶಾಮಿಯಾನದ ಕೆಳಗೆ ಕೂರಿಸಿ ಒಂದೇ ಮಾತಿಗೆ ಚಪ್ಪಾಳೆ ಹೊಡೆಸಬಲ್ಲ ಮಂತ್ರ ಒಂದಿದೆ: "ಸಿಬಿಐಗೆ ಕೊಡಿ!"

ತುಮಕೂರಿನ ಟೌನ್‌ಹಾಲ್ ಸರ್ಕಲ್‌ನಲ್ಲಿ ಯಾವ ಧರಣಿಯಾದರೂ ನಿಂತು ಕೇಳಿ. ಮೈಕ್ ಹಿಡಿದವನು ಮೊದಲು ತಹಶೀಲ್ದಾರರನ್ನು ಬೈಯುತ್ತಾನೆ, ಆಮೇಲೆ ಡಿಸಿಯನ್ನು, ಆಮೇಲೆ ಉಸ್ತುವಾರಿ ಸಚಿವರನ್ನು. ಬೈಯಲು ಮೇಲೆ ಯಾರೂ ಉಳಿಯದಾಗ ಗಂಟಲು ಸರಿಮಾಡಿಕೊಂಡು ಸಿಬಿಐ ತನಿಖೆಗೆ ಆಗ್ರಹಿಸುತ್ತಾನೆ. ಸೊಸೈಟಿ ಅಕ್ಕಿಯ ತೂಕದಲ್ಲಿ ಮೋಸವಾದರೂ ಸಿಬಿಐ, ಸ್ಮಾರ್ಟ್ ಸಿಟಿಯ ಚರಂಡಿಗೆ ಚಪ್ಪಡಿ ಹಾಕದಿದ್ದರೂ ಸಿಬಿಐ. ಮನವಿ ಪತ್ರ ತೆಗೆದುಕೊಳ್ಳಲು ಹೊರಬಂದ ಅಧಿಕಾರಿ ಗಂಭೀರವಾಗಿ "ಮೇಲಕ್ಕೆ ಕಳಿಸ್ತೀವಿ" ಅನ್ನುತ್ತಾರೆ. ಆ "ಮೇಲೆ" ಯಾರಿದ್ದಾರೆ, ಅವರನ್ನು ಅಲ್ಲಿ ಕೂರಿಸಿದವರು ಯಾರು, ಹೇಗೆ ಕೂರಿಸಿದರು ಅಂತ ಅಲ್ಲಿಯ ಕಡಲೆಕಾಯಿ ಮಾರುವವನೂ ಕೇಳುವುದಿಲ್ಲ.

2015ರ ಮಾರ್ಚ್‌ನಲ್ಲಿ ಈ ಕೂಗು ತಮಾಷೆಯದಾಗಿರಲಿಲ್ಲ. ಕುಣಿಗಲ್ ತಾಲ್ಲೂಕಿನ ದೊಡ್ಡಕೊಪ್ಪಲಿನ ಹುಡುಗ, ಐಎಎಸ್ ಅಧಿಕಾರಿ ಡಿ.ಕೆ. ರವಿ 16ರಂದು ಬೆಂಗಳೂರಿನ ಫ್ಲಾಟಿನಲ್ಲಿ ಶವವಾಗಿ ಸಿಕ್ಕರು. ಕೋಲಾರದಲ್ಲಿ ಡಿಸಿಯಾಗಿ ಮರಳಿನವರ ನಿದ್ದೆ ಕೆಡಿಸಿದ್ದ ಮನುಷ್ಯ. ಜನಕ್ಕೆ ನಂಬಿಕೆ ಬರಲಿಲ್ಲ. ಸಿದ್ದರಾಮಯ್ಯ ಸರ್ಕಾರ ಸಿಐಡಿ ಸಾಕು ಅಂದಿತು. ವಿರೋಧ ಪಕ್ಷದಲ್ಲಿದ್ದ ಬಿಜೆಪಿ, ಜೆಡಿಎಸ್ ಸದನ ನಡೆಯಗೊಡಲಿಲ್ಲ. ಹೆತ್ತವರು ವಿಧಾನಸೌಧದ ಮುಂದೆ ಬಂದು ಕೂತರು. ಒಂದು ವಾರ ತುಂಬುವಷ್ಟರಲ್ಲಿ ಸರ್ಕಾರ ಮಣಿದು ಸಿಬಿಐಗೆ ಒಪ್ಪಿಸಿತು. ಕುಣಿಗಲ್‌ನಲ್ಲಿ ಅರ್ಧ ನ್ಯಾಯ ಸಿಕ್ಕೇಬಿಟ್ಟಿತು ಅನ್ನುವ ಹಾಗೆ ಉಸಿರು ಬಿಟ್ಟರು. ಮುಂದಿನ ವರ್ಷ ಸಿಬಿಐ ಕೂಡ ಇದು ಆತ್ಮಹತ್ಯೆ ಅಂದಿತು. ಬೀದಿಗಿಳಿದಿದ್ದವರಲ್ಲಿ ಎಷ್ಟೋ ಜನ ಅವತ್ತೇ ಸಿಬಿಐಯನ್ನೂ ಸಿಐಡಿ ಸಾಲಿಗೆ ಸೇರಿಸಿ ಕೈ ತೊಳೆದುಕೊಂಡರು. ವರದಿ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ವರದಿ ಬರುವ ತನಕ ದೇವರು, ಬಂದ ಮೇಲೆ ದಿಂಡರು: ಸಿಬಿಐ ಬಗ್ಗೆ ನಮ್ಮ ಸಮಗ್ರ ತಿಳಿವಳಿಕೆ ಇಷ್ಟೇ.

ಆಗ ಸಿಬಿಐ ಮುಖ್ಯಸ್ಥರಾಗಿದ್ದವರು ಅನಿಲ್ ಸಿನ್ಹಾ. 2014ರ ಡಿಸೆಂಬರ್‌ನಲ್ಲಿ ಅವರನ್ನು ಆರಿಸಿದ ಮೂವರ ಸಮಿತಿಯಲ್ಲಿ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರೂ ಇದ್ದರು. ಕುಣಿಗಲ್ ಬಸ್ ಸ್ಟಾಂಡಿನಲ್ಲಿ ಇದನ್ನು ಹೇಳಿದ್ದರೆ "ಹೌದಾ? ಖರ್ಗೆಯವ್ರಿಗೂ ಕೈಯಿತ್ತಾ ಅದ್ರಾಗೆ?" ಅನ್ನುತ್ತಿದ್ದರು. ಕೈಯಿತ್ತು. ಎಷ್ಟು ಬೆರಳಿತ್ತು ಅನ್ನುವುದೇ ಪ್ರಶ್ನೆ.

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರಿಗೆ ಈ ಬೆರಳಿನ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಕಾರ್ ಜೋಡಿ ಕೊಳ್ಳಲು ಬಂದವನು ಮೊದಲು ದೂರ ನಿಂತು, ಏನೂ ಬೇಡದವನ ಹಾಗೆ ನೋಡುತ್ತಾನೆ. ಹತ್ತಿರ ಬಂದು ತುಟಿಯೆತ್ತಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಬೆನ್ನ ಮೇಲೆ ಅಂಗೈ ಆಡಿಸಿ ಸುಳಿ ಹುಡುಕುತ್ತಾನೆ. ಕೆಟ್ಟ ಸುಳಿಯಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಗೊರಸು ನೋಡುತ್ತಾನೆ, ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸುತ್ತಾನೆ, ಜೊತೆಗೆ ಬಂದ ಭಾವನ ಮುಖ ನೋಡುತ್ತಾನೆ. ಸುತ್ತ ನಿಂತ ಇಪ್ಪತ್ತು ಜನ ಕೇಳದಿದ್ದರೂ ಅಭಿಪ್ರಾಯ ಕೊಡುತ್ತಾರೆ. ಇಷ್ಟೆಲ್ಲ ಹಾಡಹಗಲಲ್ಲಿ. ದರದ ಮಾತು ಬಂದಾಗ ಮಾತ್ರ ದಲ್ಲಾಳಿ ಹೆಗಲ ಮೇಲಿನ ಟವಲ್ ತೆಗೆದು ಕೈಗಳ ಮೇಲೆ ಹಾಕುತ್ತಾನೆ. ಒಳಗೆ ಬೆರಳು ಹಿಡಿಯುವುದು, ಒತ್ತುವುದು, ಕೊಡವುವುದು. ಮುಖದ ಮೇಲೆ ಒಂದು ಗೆರೆ ಅಲ್ಲಾಡುವುದಿಲ್ಲ. ಟವಲ್ ಎತ್ತಿದಾಗ ಎತ್ತಿನ ಹಗ್ಗ ಕೈ ಬದಲಾಗಿರುತ್ತದೆ.

ದೆಹಲಿಯವರು ಈ ವಿದ್ಯೆ ಕಲಿತಿದ್ದಾರೆ. ಹಲ್ಲು, ಸುಳಿ, ಗೊರಸು, ನಡಿಗೆ ಎಲ್ಲ ಬಿಟ್ಟು ಟವಲ್ ಒಂದನ್ನು ಕಲಿತಿದ್ದಾರೆ.

ಪುಸ್ತಕದಲ್ಲಿ ಎಲ್ಲ ಸರಿಯಾಗೇ ಇದೆ. ಸಿಬಿಐ ನಿರ್ದೇಶಕರನ್ನು ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕ, ದೇಶದ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಕಳಿಸಿದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಈ ಮೂವರು ಕೂತು ಆರಿಸಬೇಕು. ಜೈನ್ ಹವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರ ಡಿಸೆಂಬರ್‌ನಲ್ಲಿ ಸರ್ಕಾರದ ಕಿವಿ ಹಿಂಡಿ, ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷ ಕೊಡಿ, ಆರಿಸಲು ಸಮಿತಿ ಮಾಡಿ ಅಂದಿತು. 2003ರಲ್ಲಿ ಅದು ಕಾನೂನಾಯಿತು. ಲೋಕಪಾಲ ಗಲಾಟೆಯ ಪುಣ್ಯದಿಂದ 2013ರ ಕಾಯ್ದೆಯಲ್ಲಿ ಈಗಿನ ಮೂವರು ಬಂದರು. ಹಿರಿತನ, ಪ್ರಾಮಾಣಿಕತೆ, ಭ್ರಷ್ಟಾಚಾರ ಪ್ರಕರಣಗಳ ತನಿಖೆಯ ಅನುಭವ ನೋಡಿ ಆರಿಸಿ ಅಂತಲೂ ಬರೆದಿದೆ. ಇದಕ್ಕಿಂತ ಚೆಂದದ ಲಗ್ನಪತ್ರಿಕೆ ಇನ್ನೊಂದಿಲ್ಲ. ಮದುವೆ ಹೇಗೆ ನಡೆಯಿತು ಅಂತ ಕೇಳಬಾರದು ಅಷ್ಟೆ.

2021ರ ಮೇನಲ್ಲಿ ಹೇಗೆ ನಡೆಯಿತು ಅನ್ನುವುದನ್ನು ಸಮಿತಿಯಲ್ಲಿದ್ದ, ಆಗಿನ ಲೋಕಸಭೆಯ ಕಾಂಗ್ರೆಸ್ ನಾಯಕ ಅಧೀರ್ ರಂಜನ್ ಚೌಧರಿ ಹೊರಗೆ ಬಂದು ಹೇಳಿದರು. ಮೊದಲು ಅವರ ಕೈಗೆ 109 ಹೆಸರುಗಳ ಪಟ್ಟಿ ಕೊಟ್ಟರು. ಸಭೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಅದು 10 ಆಗಿತ್ತು. ನಾಲ್ಕು ಗಂಟೆಗೆ 6. ಊಟದ ಹೊತ್ತಿನಿಂದ ಕಾಫಿ ಹೊತ್ತಿನೊಳಗೆ ನಾಲ್ವರು ಹಿರಿಯ ಪೊಲೀಸ್ ಅಧಿಕಾರಿಗಳು ಆವಿಯಾದರು. ದೇಶದ ಅತಿ ದೊಡ್ಡ ತನಿಖಾ ಸಂಸ್ಥೆಗೆ ಹೋಗಬೇಕಾಗಿದ್ದವರು ಹೇಗೆ ಕಾಣೆಯಾದರು ಅಂತ ತನಿಖೆ ಮಾಡಲು ಯಾರೂ ಇರಲಿಲ್ಲ. ಆ ಸಂಸ್ಥೆಗೆ ಅವತ್ತು ಪೂರ್ಣಾವಧಿ ಮುಖ್ಯಸ್ಥರೇ ಇರಲಿಲ್ಲವಲ್ಲ. ಆ ಸಭೆಯಲ್ಲಿ ಹಲ್ಲು ನೋಡಿದವರು ಒಬ್ಬರೇ, ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ. ನಿವೃತ್ತಿಗೆ ಆರು ತಿಂಗಳೂ ಉಳಿಯದವರನ್ನು ಈ ಕುರ್ಚಿಗೆ ತರಬೇಡಿ ಅಂತ ಕೋರ್ಟೇ ಹೇಳಿದ ನಿಯಮವನ್ನು ನೆನಪಿಸಿದರು. ದೊಡ್ಡ ಹೆಸರುಗಳೆರಡು ಅಲ್ಲೇ ಉದುರಿದವು. ಸುಬೋಧ್ ಕುಮಾರ್ ಜೈಸ್ವಾಲ್ ಬಂದರು. ನಿಯಮ ಓದಿದರೆ ಫಲವಿದೆ ಅಂತ ಸಮಿತಿಗೆ ಅವತ್ತು ಗೊತ್ತಾಯಿತು. ಅದೊಂದು ಕೆಟ್ಟ ಪೂರ್ವನಿದರ್ಶನ ಅಂತ ಯಾರಿಗಾದರೂ ಅನಿಸಿರಲೂ ಬಹುದು.

ಇನ್ನು 2023. ಇದು ನಮ್ಮ ಮನೆಯಂಗಳದ ಕತೆ.

ಆ ವರ್ಷದ ಮಾರ್ಚ್‌ನಲ್ಲಿ ಡಿ.ಕೆ. ಶಿವಕುಮಾರ್ ಅವರು ರಾಜ್ಯದ ಡಿಜಿಪಿ ಪ್ರವೀಣ್ ಸೂದ್ ಅವರನ್ನು ಸುದ್ದಿಗಾರರ ಮುಂದೆಯೇ ನಾಲಾಯಕ್ ಅಂದುಬಿಟ್ಟರು. ಬಿಜೆಪಿ ಸರ್ಕಾರ ಹೇಳಿದ ಹಾಗೆ ಕುಣಿಯುತ್ತಾರೆ, ಕಾಂಗ್ರೆಸ್‌ನವರ ಮೇಲೆ ಮಾತ್ರ ಕೇಸು ಹಾಕುತ್ತಾರೆ, ನಮ್ಮ ಸರ್ಕಾರ ಬರಲಿ ನೋಡಿಕೊಳ್ಳುತ್ತೇವೆ ಅಂತ ಎಚ್ಚರಿಕೆಯನ್ನೂ ಕೊಟ್ಟರು. ಕುಣಿಗಲ್ ಆಗ ಅವರ ತಮ್ಮ ಡಿ.ಕೆ. ಸುರೇಶ್ ಅವರ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದ ಊರು. ಅಲ್ಲಿಯ ಕಾರ್ಯಕರ್ತರು "ಅಣ್ಣ ಹೇಳಿದ್ ಮೇಲೆ ಮುಗೀತು" ಅಂತ ಖುಷಿಪಟ್ಟರು. ಮೇ 13ಕ್ಕೆ ಫಲಿತಾಂಶ. ಕಾಂಗ್ರೆಸ್ 135. ಕುಣಿಗಲ್‌ನಿಂದ ಕನಕಪುರದವರೆಗೆ ಪಟಾಕಿ. ಅದೇ ಶನಿವಾರ ಸಂಜೆ ದೆಹಲಿಯಲ್ಲಿ ಮೂವರ ಸಮಿತಿ ಕೂತಿತು. ಭಾನುವಾರ ಆದೇಶ ಬಂತು: ಸಿಬಿಐನ ಹೊಸ ನಿರ್ದೇಶಕ, ಪ್ರವೀಣ್ ಸೂದ್.

ಇಂಥ ಟೈಮಿಂಗ್ ಗುಬ್ಬಿ ಕಂಪನಿಯ ಹಾಸ್ಯಗಾರರಿಗೂ ಸುಲಭಕ್ಕೆ ಒಲಿಯುವಂಥದ್ದಲ್ಲ. ಬೆಂಗಳೂರಿನಲ್ಲಿ ನೋಡಿಕೊಳ್ಳುತ್ತೇವೆ ಅಂದವರು ಗೆದ್ದ ಮರುದಿನವೇ ನೋಡಿಸಿಕೊಳ್ಳಬೇಕಾಗಿದ್ದವರು ದೆಹಲಿಯ ಹೆಬ್ಬಾಗಿಲಲ್ಲಿ ಕೂತಿದ್ದರು. ಅದೂ ಎಂಥ ಹೆಬ್ಬಾಗಿಲು? ಶಿವಕುಮಾರ್ ಅವರ ಮೇಲಿನ ಆದಾಯ ಮೀರಿದ ಆಸ್ತಿಯ ಕಡತ ಇರುವ ಹೆಬ್ಬಾಗಿಲು. ಸಮಿತಿಯಲ್ಲಿ ಅಧೀರ್ ರಂಜನ್ ಎಂದಿನಂತೆ ಭಿನ್ನಮತ ಬರೆದುಕೊಟ್ಟರು. ಎಂದಿನಂತೆ ಅದನ್ನು ಫೈಲಿಗೆ ಸೇರಿಸಿದರು. ಆ ವರ್ಷದ ನವೆಂಬರ್‌ನಲ್ಲಿ ಕಾಂಗ್ರೆಸ್ ಸಂಪುಟ, ಹಿಂದಿನ ಬಿಜೆಪಿ ಸರ್ಕಾರ 2019ರಲ್ಲಿ ಆ ಪ್ರಕರಣದ ತನಿಖೆಗೆ ಕೊಟ್ಟಿದ್ದ ಒಪ್ಪಿಗೆಯನ್ನೇ ವಾಪಸ್ ಪಡೆಯಿತು. ಹೈಕೋರ್ಟ್ ಇದು ಕೇಂದ್ರ, ರಾಜ್ಯಗಳ ಜಗಳ, ಸುಪ್ರೀಂ ಕೋರ್ಟಿಗೆ ಹೋಗಿ ಅಂದಿತು.

ಸೂದ್ ಅವರು ಯೋಗ್ಯರೋ ಅಯೋಗ್ಯರೋ ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಅವರು 1986ರ ಬ್ಯಾಚಿನವರು, ಮೂರು ವರ್ಷ ನಮ್ಮ ಡಿಜಿಪಿಯಾಗಿದ್ದವರು. ನನ್ನ ತಕರಾರು ಬೇರೆ. ಬೇರೆ ಹೆಸರುಗಳನ್ನು ಬಿಟ್ಟು ಇವರೇ ಏಕೆ ಅಂತ ಎರಡು ಸಾಲಿನ ಕಾರಣವನ್ನೂ ಈ ದೇಶದ ಪ್ರಜೆಗೆ ಯಾರೂ ಕೊಡಲಿಲ್ಲ. ಕಾರಣ ಬರೆದು ಗೋಡೆಗೆ ಅಂಟಿಸಿದ್ದರೆ ಶಿವಕುಮಾರ್ ಅವರ ನಾಲಾಯಕ್ ಎಂಬ ಮಾತೂ ಚುನಾವಣೆಯ ಬೈಗುಳವಾಗಿ ಅಲ್ಲೇ ಕರಗುತ್ತಿತ್ತು. ಮುಚ್ಚಿಟ್ಟ ಕಡೆ ಬೈಗುಳವೇ ಪುರಾವೆಯ ವೇಷ ಹಾಕುತ್ತದೆ.

ಕರ್ನಾಟಕ ಕೇಡರಿನವರಿಗೂ ಈ ಕುರ್ಚಿಗೂ ಒಂದು ವಿಚಿತ್ರ ಋಣಾನುಬಂಧ. ಸಮಿತಿ ಗಿಮಿತಿ ಇಲ್ಲದ ಕಾಲದಲ್ಲಿ, 1996ರಲ್ಲಿ, ಪ್ರಧಾನಿಯಾದ ದೇವೇಗೌಡರು ತಮಗೆ ಗೊತ್ತಿದ್ದ ಕರ್ನಾಟಕದ ಅಧಿಕಾರಿ ಜೋಗಿಂದರ್ ಸಿಂಗ್ ಅವರನ್ನು ಕರೆದು ಕೂರಿಸಿದರು. ನಮ್ಮವರು ಅನ್ನುವ ಒಂದೇ ಅರ್ಹತೆ ಸಾಕಿತ್ತು, ಅದನ್ನು ಯಾರೂ ಮುಚ್ಚಿಡಲೂ ಇಲ್ಲ. ತಮಾಷೆ ಏನೆಂದರೆ ಸಿಂಗ್ ಅವರು ಮೇವು ಹಗರಣದಲ್ಲಿ ಸರ್ಕಾರಕ್ಕೆ ಬೇಕಾಗಿದ್ದ ಲಾಲೂ ಪ್ರಸಾದರ ಬೆನ್ನು ಬಿದ್ದರು. 1997ರ ಜೂನ್‌ನಲ್ಲಿ ಚಾರ್ಜ್‌ಶೀಟ್ ಬಿತ್ತು; ಅದೇ ತಿಂಗಳ ಕೊನೆಗೆ ಗುಜ್ರಾಲ್ ಸರ್ಕಾರ ಸಿಂಗ್ ಅವರ ಕುರ್ಚಿ ಎಳೆಯಿತು. ಹನ್ನೊಂದು ತಿಂಗಳ ಸಂಸಾರ. ಅದೇ ದೇವೇಗೌಡರು 2019ರಲ್ಲಿ ನಮ್ಮ ತುಮಕೂರಿಗೆ ಬಂದು ನಿಂತರು, 13 ಸಾವಿರ ಚಿಲ್ಲರೆ ಮತದಿಂದ ಸೋತರು. ನಮ್ಮ ಜಿಲ್ಲೆಯ ಆಯ್ಕೆ ಸಮಿತಿ ಮಾಜಿ ಪ್ರಧಾನಿಯನ್ನೇ ವಾಪಸ್ ಕಳಿಸಿದಾಗಲೂ ಎಣಿಕೆ ಮಾತ್ರ ಏಜೆಂಟರ ಮುಂದೆಯೇ ಆಯಿತು ಎಂಬುದನ್ನು ದೆಹಲಿಯವರ ಗಮನಕ್ಕೆ ತರಬಯಸುತ್ತೇನೆ.

ಆಮೇಲೆ ಡಿ.ಆರ್. ಕಾರ್ತಿಕೇಯನ್. ರಾಜೀವ್ ಗಾಂಧಿ ಹತ್ಯೆಯ ತನಿಖಾ ತಂಡವನ್ನು ನಡೆಸಿದವರು, ನಮ್ಮ ಕೇಡರು. ನಿರ್ದೇಶಕರಿಗೆ ಎರಡು ವರ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ ಮರುತಿಂಗಳ ಕೊನೆಗೆ, ಅಂದರೆ 1998ರ ಜನವರಿ ಅಂತ್ಯಕ್ಕೆ ಇವರು ಬಂದರು. ಮಾರ್ಚ್ ಅಂತ್ಯಕ್ಕೆ ಹೋದರು. ಎರಡು ಅನ್ನುವುದನ್ನು ಸರ್ಕಾರ ಸರಿಯಾಗೇ ಕೇಳಿಸಿಕೊಂಡಿತ್ತು. ವರ್ಷವೋ ತಿಂಗಳೋ ಅನ್ನುವಲ್ಲಿ ಮಾತ್ರ ಸ್ವಲ್ಪ ಗದ್ದಲವಿತ್ತು.

ಇವರಿಬ್ಬರಿಗಿಂತ ಸೊಗಸಾದ ಕತೆ ಆರ್.ಕೆ. ದತ್ತಾ ಅವರದು. 1981ರ ಬ್ಯಾಚ್, ಕರ್ನಾಟಕ ಕೇಡರ್, ಸಿಬಿಐನಲ್ಲೇ ನಂಬರ್ ಎರಡು. 2ಜಿ, ಕಲ್ಲಿದ್ದಲು ಪ್ರಕರಣಗಳ ಉಸ್ತುವಾರಿ ಅವರದಾಗಿತ್ತು. 2016ರ ಡಿಸೆಂಬರ್ ಆರಂಭದಲ್ಲಿ ಅನಿಲ್ ಸಿನ್ಹಾ ನಿವೃತ್ತರಾಗಬೇಕು. ಅದಕ್ಕೆ ಎರಡು ದಿನ ಮುಂಚೆ ದತ್ತಾ ಅವರನ್ನು ಗೃಹ ಸಚಿವಾಲಯಕ್ಕೆ ವಿಶೇಷ ಕಾರ್ಯದರ್ಶಿಯಾಗಿ ಎತ್ತಿಹಾಕಿದರು. ಖಾಲಿಯಾದ ಜಾಗದಲ್ಲಿ ಗುಜರಾತ್ ಕೇಡರಿನ ರಾಕೇಶ್ ಅಸ್ಥಾನಾ ಹಂಗಾಮಿ ಮುಖ್ಯಸ್ಥರಾದರು. ಸಮಿತಿ ಸೇರಲೇ ಇಲ್ಲ. ನನ್ನನ್ನು ಸಭೆಗೆ ಕರೆಯಲಿಲ್ಲ ಅಂತ ಖರ್ಗೆಯವರು ಪ್ರಧಾನಿಗೆ ಪತ್ರ ಬರೆದರು. 2017ರ ಜನವರಿಯಲ್ಲಿ ಅಂತೂ ಸಭೆಯಾಗಿ ಅಲೋಕ್ ವರ್ಮಾ ಬಂದರು. ದತ್ತಾ ಅವರು ಸೀದಾ ಬೆಂಗಳೂರಿಗೆ ಬಂದು ನಮ್ಮ ಡಿಜಿಪಿಯಾಗಿ ಆ ವರ್ಷದ ಅಕ್ಟೋಬರ್‌ನಲ್ಲಿ ನಿವೃತ್ತರಾದರು. ಸಭೆ ಕರೆಯದೆ ಇರುವುದೂ ಆಯ್ಕೆಯ ಒಂದು ವಿಧಾನ. ಅದಕ್ಕೆ ಟವಲ್ ಕೂಡ ಬೇಕಾಗಿಲ್ಲ.

ವರ್ಮಾ ಮತ್ತು ಅಸ್ಥಾನಾ ಅವರ ಜುಗಲ್‌ಬಂದಿ 2018ರ ಅಕ್ಟೋಬರ್‌ನಲ್ಲಿ ತಾರಕಕ್ಕೇರಿತು. ಸಿಬಿಐ ತನ್ನದೇ ವಿಶೇಷ ನಿರ್ದೇಶಕರ ಮೇಲೆ ಕೇಸು ಹಾಕಿತು, ತನ್ನದೇ ಡಿಎಸ್‌ಪಿಯನ್ನು ಬಂಧಿಸಿತು. ಕೊನೆಗೆ 23ರ ನಡುರಾತ್ರಿ ಇಬ್ಬರಿಗೂ ರಜೆ ಕೊಟ್ಟು ಮನೆಗೆ ಕಳಿಸಿದರು. ಗುಬ್ಬಿ ವೀರಣ್ಣನವರು 'ಸದಾರಮೆ'ಯಲ್ಲಿ ಕಳ್ಳನಾಗಿ ರಂಗಕ್ಕೆ ಬಂದಾಗ ಕಳ್ಳ ಯಾರು ಅನ್ನುವ ಬಗ್ಗೆ ಪ್ರೇಕ್ಷಕರಿಗೆ ಗೊಂದಲವಿರುತ್ತಿರಲಿಲ್ಲ. ದೆಹಲಿಯ ಆ ರಾತ್ರಿಯ ಪ್ರದರ್ಶನದಲ್ಲಿ ಆ ಸೌಕರ್ಯವೂ ಇರಲಿಲ್ಲ. ಸಮಿತಿಯನ್ನು ಕೇಳದೆ ನಿರ್ದೇಶಕರನ್ನು ಹೊರಗಿಟ್ಟದ್ದು ತಪ್ಪು ಅಂತ ಖರ್ಗೆ ಸುಪ್ರೀಂ ಕೋರ್ಟಿಗೆ ಹೋದರು. 2019ರ ಜನವರಿ 8ಕ್ಕೆ ಕೋರ್ಟ್ ವರ್ಮಾ ಅವರನ್ನು ಮತ್ತೆ ಕುರ್ಚಿಗೆ ಕೂರಿಸಿತು. 10ಕ್ಕೆ ಸಮಿತಿ ಸೇರಿ ಎರಡಕ್ಕೆ ಒಂದರಂತೆ ಎಬ್ಬಿಸಿತು. ಒಂದು ಖರ್ಗೆಯವರದು. ವರ್ಮಾ ಅವರಿಗೆ ಅಗ್ನಿಶಾಮಕ ಸೇವೆಯ ಮುಖ್ಯಸ್ಥನ ಹುದ್ದೆ ಕೊಟ್ಟರು. ಬೆಂಕಿ ಆರಿಸುವ ಕೆಲಸ ತಮಗೆ ಬೇಡವೆಂದೂ, ವಯಸ್ಸಿನ ಲೆಕ್ಕದಲ್ಲಿ ತಾನು 2017ರಲ್ಲೇ ನಿವೃತ್ತನೆಂದೂ ಹೇಳಿ ಅವರು ಮನೆಗೆ ಹೋದರು. ಮುಂದಿನ ತಿಂಗಳು ರಿಷಿ ಕುಮಾರ್ ಶುಕ್ಲಾ ಅವರ ಆಯ್ಕೆಯಲ್ಲೂ ಎರಡಕ್ಕೆ ಒಂದು. ಭ್ರಷ್ಟಾಚಾರ ತನಿಖೆಯ ಅನುಭವವೆಲ್ಲಿದೆ ಅಂತ ಕೇಳಿ ಖರ್ಗೆ ಮತ್ತೊಂದು ಟಿಪ್ಪಣಿ ಬರೆದರು.

ಭಿನ್ನಮತದ ಟಿಪ್ಪಣಿ ಬರೆಯುವುದರಲ್ಲಿ ನಮ್ಮ ನಾಡಿನ ಕೊಡುಗೆ ದೊಡ್ಡದು. ಪ್ರತ್ಯೇಕ ಸಂಪುಟಗಳಲ್ಲಿ ತರಬಹುದು. ಸಾಹಿತ್ಯ ಪರಿಷತ್ತಿನವರು ಯೋಚಿಸಬೇಕು.

ಇಷ್ಟೊಂದು ಎಳೆದಾಟದ ಈ ಸಂಸ್ಥೆಗೆ ಸ್ವಂತದ ಕಾಯ್ದೆಯೇ ಇಲ್ಲ ಎಂದರೆ ನಮ್ಮ ಕಡೆಯವರು ನಂಬುವುದಿಲ್ಲ. ಖಾತೆ, ಪಹಣಿ ಸರಿಯಿಲ್ಲದ ಜಮೀನಿಗೆ ಗುಬ್ಬಿಯಲ್ಲಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ. ಸಿಬಿಐ ಹುಟ್ಟಿದ್ದು 1963ರ ಏಪ್ರಿಲ್ 1ರಂದು, ಗೃಹ ಸಚಿವಾಲಯದ ಒಂದು ನಿರ್ಣಯದಿಂದ. ತಾರೀಖನ್ನು ಆರಿಸಿಕೊಟ್ಟವರ ಹಾಸ್ಯಪ್ರಜ್ಞೆ ಮೆಚ್ಚಬೇಕು. ಕೆಲಸ ಮಾಡುವುದು 1946ರ ದೆಹಲಿ ವಿಶೇಷ ಪೊಲೀಸ್ ಕಾಯ್ದೆಯ ಹೆಸರಿನಲ್ಲಿ. 2013ರ ನವೆಂಬರ್‌ನಲ್ಲಿ ಗುವಾಹಟಿ ಹೈಕೋರ್ಟ್ ಇಂಥ ಸಂಸ್ಥೆ ಕಾನೂನಿನ ಪ್ರಕಾರ ರಚನೆಯೇ ಆಗಿಲ್ಲ ಅಂದುಬಿಟ್ಟಿತು. ಮೂರನೆಯ ದಿನ, ರಜೆಯ ಶನಿವಾರ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಮನೆಯಲ್ಲೇ ವಿಚಾರಣೆ ನಡೆದು ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷದ ಮೇನಲ್ಲಿ ಸುಪ್ರೀಂ ಕೋರ್ಟ್ ಈ ಸಂಸ್ಥೆಯನ್ನು ಪಂಜರದ ಗಿಳಿ ಅಂದಿತ್ತು. ಪಂಜರವೂ ಇದೆ, ಗಿಳಿಯೂ ಇದೆ. ಗಿಳಿಯ ಜನನ ಪ್ರಮಾಣ ಪತ್ರ ಮಾತ್ರ ಸ್ಟೇ ಮೇಲೆ ಬದುಕಿದೆ.

ಗಿಳಿ ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು ಅನ್ನುವುದಕ್ಕೆ ಕುಣಿಗಲ್‌ನಲ್ಲೇ ಒಂದು ಪಾಠವಿದೆ. ಟಿಪ್ಪುವಿನ ಕಾಲದ ಅಶ್ವದಳಕ್ಕೆ ಕುದುರೆ ಬೆಳೆಸಿದ ಅಲ್ಲಿಯ ಸ್ಟಡ್ ಫಾರ್ಮ್ 90ರ ದಶಕದಲ್ಲಿ ವಿಜಯ್ ಮಲ್ಯ ಅವರ ಯುಬಿ ಬಳಗದ ಗುತ್ತಿಗೆಗೆ ಹೋಯಿತು. ಬೇಲಿಯಾಚೆಯಿಂದ ಆ ಕುದುರೆಗಳ ಮೈ ಹೊಳಪು ನೋಡುತ್ತ ಊರಿನ ಮೂರು ತಲೆಮಾರು ಬೆಳೆದಿದೆ. 2015ರ ಅಕ್ಟೋಬರ್‌ನಲ್ಲಿ ಸಿಬಿಐ ಮಲ್ಯ ಅವರ ಮೇಲೆ ಲುಕ್‌ಔಟ್ ನೋಟಿಸ್ ಹೊರಡಿಸಿತು: ದೇಶ ಬಿಡಲು ಬಂದರೆ ತಡೆಯಿರಿ. ನವೆಂಬರ್‌ನಲ್ಲಿ ಅದನ್ನು ತಿದ್ದಿತು: ಬಂದರೆ ತಿಳಿಸಿ, ಸಾಕು. 2016ರ ಮಾರ್ಚ್ 2ರಂದು ಅವರು ದೆಹಲಿಯಿಂದ ಲಂಡನ್ನಿಗೆ ಹಾರಿದರು. ನೋಟಿಸ್ ತಿದ್ದಿದ್ದು ತೀರ್ಮಾನದಲ್ಲಿ ಆದ ತಪ್ಪು ಅಂತ ಆಮೇಲೆ ಸಿಬಿಐ ಒಪ್ಪಿಕೊಂಡಿತು. ಕುದುರೆಗಳು ಮಾತ್ರ ಎಲ್ಲೂ ಹೋಗಲಿಲ್ಲ, ಲಾಯದಲ್ಲೇ ಇದ್ದವು. ಕುಣಿಗಲ್‌ನಲ್ಲಿ ಬಾಗಿಲು ಹಾಕುವುದು ಹೇಗೆ ಅಂತ ಗೊತ್ತಿದೆ.

ಈಗ ನಿಜವಾದ ಗುಟ್ಟಿಗೆ ಬರೋಣ. ಎಲ್ಲರ ಕಣ್ಣು ಸಮಿತಿಯ ಮೇಲಿದೆ, ಅಲ್ಲಿ ಯಾರಿರಬೇಕು, ಯಾರಿರಬಾರದು ಅಂತ. ಆಟ ಅಲ್ಲಿಲ್ಲ. 2021ರ ನವೆಂಬರ್‌ನಲ್ಲಿ ಒಂದು ಸುಗ್ರೀವಾಜ್ಞೆ ಬಂತು, ಮರುತಿಂಗಳು ಅದು ಕಾಯ್ದೆಯೂ ಆಯಿತು: ಸಿಬಿಐ, ಇ.ಡಿ. ಮುಖ್ಯಸ್ಥರಿಗೆ ಎರಡು ವರ್ಷ ಮುಗಿದ ಮೇಲೆ ಒಂದೊಂದೇ ವರ್ಷದಂತೆ ಒಟ್ಟು ಐದು ವರ್ಷದವರೆಗೆ ಮುಂದುವರಿಸಬಹುದು. ಓದಲು ಎಷ್ಟು ಸಾಧುವಾಗಿದೆ ನೋಡಿ. ಕೋರ್ಟ್ ಎರಡು ವರ್ಷ ಭದ್ರ ಮಾಡಿದ್ದೇಕೆ? ಆ ಎರಡು ವರ್ಷ ಅಧಿಕಾರಿ ಯಾರ ಮುಖವನ್ನೂ ನೋಡಬಾರದು ಅಂತ. ಈಗ ಎರಡನೆಯ ವರ್ಷದ ದೀಪಾವಳಿಯಿಂದಲೇ ಅವರು ಮುಖ ನೋಡಲು ಶುರುಮಾಡಬಹುದು. ಕೊಂಡುತಂದ ಎತ್ತನ್ನು ಪ್ರತಿ ಶಿವರಾತ್ರಿಗೂ ಮತ್ತೆ ಜಾತ್ರೆಗೆ ಹೊಡೆದುಕೊಂಡು ಹೋಗಿ ಗೂಟಕ್ಕೆ ಕಟ್ಟಿ, "ಈ ಸಲ ಇಟ್ಕೋಬೇಕಾ ಬ್ಯಾಡ್ವಾ, ಹೆಂಗೆ ಉಳ್ತಾನೋ ನೋಡಾನ" ಅಂದರೆ ಆ ಎತ್ತು ನೇಗಿಲ ಸಾಲು ನೋಡುತ್ತದೋ, ಯಜಮಾನನ ಕೈಯಲ್ಲಿರುವ ಬಾರುಕೋಲು ನೋಡುತ್ತದೋ?

ಇ.ಡಿ.ಯ ಸಂಜಯ್ ಕುಮಾರ್ ಮಿಶ್ರಾ ಅವರಿಗೆ ಹೀಗೆ ಮೇಲಿಂದ ಮೇಲೆ ಕೊಟ್ಟ ಮುಂದುವರಿಕೆ ಕಾನೂನುಬಾಹಿರ ಅಂತ 2023ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನುಬಾಹಿರವಾಗಿ ಇದ್ದವರು ಅದೇ ಕೋರ್ಟಿನ ಅನುಮತಿಯಿಂದ ಸೆಪ್ಟೆಂಬರ್ 15ರವರೆಗೆ ಇದ್ದರು, ದೇಶದ ಹಿತಕ್ಕಾಗಿ. ಆದರೆ ಒಂದೊಂದೇ ವರ್ಷದ ಕಾಯ್ದೆ ಮಾತ್ರ ಅದೇ ತೀರ್ಪಿನಲ್ಲಿ ಪಾರಾಯಿತು. ಸೂದ್ ಅವರ ಎರಡು ವರ್ಷ ಮುಗಿಯುವ ಹೊತ್ತಿಗೆ, 2025ರ ಮೇ 5ರಂದು, ಪ್ರಧಾನಿ, ರಾಹುಲ್ ಗಾಂಧಿ, ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಕೂತರು. ಎರಡು ದಿನಕ್ಕೆ ಆದೇಶ: ಇನ್ನೊಂದು ವರ್ಷ ಇವರೇ. ಹೊಸಬರು ಯಾಕಿಲ್ಲ? ಟವಲ್.

ಅಮೆರಿಕದಲ್ಲಿ ಟವಲ್ ಇಲ್ಲ ಅಂತ ಓದಿದವರು ಹೇಳುತ್ತಾರೆ. ನಿಜ. ಎಡ್ಗರ್ ಹೂವರ್ ಎಂಬಾತ 1924ರಿಂದ ಸಾಯುವವರೆಗೆ 48 ವರ್ಷ ಎಫ್‌ಬಿಐ ಕುರ್ಚಿ ಬಿಡದೆ ಕೂತಿದ್ದರಿಂದ ಗಾಬರಿಯಾಗಿ, 1976ರಲ್ಲಿ ಅವರು ಹತ್ತು ವರ್ಷದ ಮಿತಿ ಹಾಕಿದರು. ಅಧ್ಯಕ್ಷ ಹೆಸರಿಸಬೇಕು, ಸೆನೆಟ್ ಎಲ್ಲರೆದುರು ಕೂರಿಸಿ ಪ್ರಶ್ನೆ ಕೇಳಬೇಕು, ಮತ ಹಾಕಬೇಕು. ಟ್ರಂಪ್ 2017ರಲ್ಲಿ ಕೋಮಿಯನ್ನು ಕಿತ್ತರು, ತಾವೇ ತಂದ ವ್ರೇ ಹತ್ತು ತುಂಬುವ ಮೊದಲೇ 2025ರಲ್ಲಿ ಜಾಗ ಖಾಲಿ ಮಾಡಿದರು, 51-49 ಮತಗಳಲ್ಲಿ ಕಾಶ್ ಪಟೇಲ್ ಒಳಬಂದರು. ಹಾಗಾದರೆ ಟವಲ್ ತೆಗೆದೂ ಏನು ಪ್ರಯೋಜನ ಅಂತೀರಾ? ಒಳ್ಳೆಯ ಎತ್ತೇ ಸಿಗುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಆದರೆ ಯಾರು ಕೊಂಡರು, ಯಾರು ಬೇಡ ಅಂದರು, ಏನು ಕೇಳಿದರು, ಆ ಮನುಷ್ಯ ಏನು ತಡವರಿಸಿದ ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ನಮ್ಮಲ್ಲಿ ಭಿನ್ನಮತ ಬರೆದವರೇ ಹೊರಗೆ ಬಂದು ಹೇಳದಿದ್ದರೆ ಭಿನ್ನಮತವಿತ್ತು ಅಂತಲೂ ತಿಳಿಯದು. ಅರ್ಜಿ ಹಾಕಿ ಕೇಳೋಣವೆಂದರೆ 2011ರಲ್ಲೇ ಮನಮೋಹನ್ ಸಿಂಗ್ ಸರ್ಕಾರ ಸಿಬಿಐಯನ್ನು ಮಾಹಿತಿ ಹಕ್ಕಿನಿಂದ ಆಚೆಗಿಟ್ಟಿತು. ಟವಲ್‌ಗೆ ಅಂಚು ಹೊಲಿದವರು ಕಾಂಗ್ರೆಸ್‌ನವರು, ಅಗಲ ಮಾಡಿದವರು ಬಿಜೆಪಿಯವರು.

ರಾಜ್ಯದವರು ಕಮ್ಮಿಯೇನಲ್ಲ. ನಮ್ಮ ಗೃಹ ಸಚಿವ ಪರಮೇಶ್ವರ ಅವರು ನಮ್ಮದೇ ಜಿಲ್ಲೆಯ ಕೊರಟಗೆರೆಯ ಶಾಸಕರು, ಅದರ ಬಗ್ಗೆ ನಮಗೆ ಹೆಮ್ಮೆಯಿದೆ. ರಾಜ್ಯದ ಡಿಜಿಪಿಯನ್ನು ಯುಪಿಎಸ್‌ಸಿ ಕೊಟ್ಟ ಮೂರು ಹೆಸರುಗಳಿಂದ ಆರಿಸಿ, ಎರಡು ವರ್ಷ ಬಿಡಿ ಅಂತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಪ್ರಭಾರ ಎಂಬ ಆಟ ಬೇಡ ಅಂತ ಆಮೇಲೆ ಗದರಿಯೂ ಇದೆ. ಆದರೂ 2023ರಲ್ಲಿ ಅಲೋಕ್ ಮೋಹನ್, 2025ರಲ್ಲಿ ಎಂ.ಎ. ಸಲೀಂ, ಇಬ್ಬರೂ ಮೊದಲು ಪ್ರಭಾರದ ಬಾಗಿಲಿನಿಂದಲೇ ಒಳಬರಬೇಕಾಯಿತು. ಕುರ್ಚಿ ಖಾಲಿಯಾಗುವ ತಾರೀಖು ಸರ್ಕಾರಕ್ಕೆ ಅಂದೇ ಬೆಳಿಗ್ಗೆ ಕನಸಿನಲ್ಲಿ ಗೊತ್ತಾಯಿತೇನೋ.

ಇನ್ನು 2024ರ ಸೆಪ್ಟೆಂಬರ್ 26. ಹಿಂದಿನ ದಿನವಷ್ಟೇ ಮುಡಾ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧ ಲೋಕಾಯುಕ್ತ ತನಿಖೆಗೆ ವಿಶೇಷ ನ್ಯಾಯಾಲಯ ಆದೇಶಿಸಿತ್ತು, ಬಿಜೆಪಿಯವರು ಸಿಬಿಐ ಸಿಬಿಐ ಅಂತ ಭಜನೆಗೆ ಕೂತಿದ್ದರು. ರಾಜ್ಯ ಸಂಪುಟ ಸಭೆ ಸೇರಿ, ಸಿಬಿಐಗೆ ಕರ್ನಾಟಕದಲ್ಲಿ ತನಿಖೆ ಮಾಡಲು ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆಯಿತು. ಕಾರಣ: ಸಿಬಿಐ ಪಕ್ಷಪಾತಿ. ಇರಬಹುದು. ಹಾಗಿದ್ದರೆ ಅದರ ಮುಖ್ಯಸ್ಥರ ಆಯ್ಕೆ ಹೀಗೆ ಬದಲಾಗಲಿ ಅಂತ ಒಂದು ಕರಡು ಬರೆದು ದೆಹಲಿಗೆ ಕಳಿಸಬಹುದಿತ್ತು. ಎಐಸಿಸಿ ಅಧ್ಯಕ್ಷರು ನಮ್ಮ ಖರ್ಗೆಯವರೇ, ಟಿಪ್ಪಣಿ ಬರೆದು ಕೈ ಪಳಗಿದವರು. ಬಾಗಿಲಿಗೆ ಚಿಲಕ ಹಾಕುವುದು ಸುಲಭವಾಗಿ ಕಂಡಿತು.

ಗುಬ್ಬಿಯ ಅಡಿಕೆ ಮಂಡಿಯ ಜಗಲಿಯಲ್ಲಿ ಈ ಸುಧಾರಣೆಯ ಮಾತು ತೆಗೆದೆ. ಅಂತಿಮ ಪಟ್ಟಿಯ ಹೆಸರುಗಳನ್ನು ಒಂದು ತಿಂಗಳು ಮುಂಚೆ ಹಾಕಲಿ, ಯಾಕೆ ಇವರು ಅಂತ ಕಾರಣ ಬರೆಯಲಿ, ಭಿನ್ನಮತವನ್ನೂ ಜೊತೆಗೇ ಅಚ್ಚು ಹಾಕಲಿ, ಮುಂದುವರಿಕೆ ಅನ್ನುವುದೇ ಬೇಡ, ಬೇಕಾದರೆ ಮೊದಲೇ ಐದು ವರ್ಷ ಕೊಟ್ಟುಬಿಡಲಿ, ಅಂತ. ಅಲ್ಲಿ ಎರಡೂ ಪಕ್ಷದ ಮುಖಂಡರಿದ್ದರು. ಬೆಳಿಗ್ಗೆ ಬೈದಾಡಿ ಸಂಜೆ ಒಂದೇ ಕಾರಿನಲ್ಲಿ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗುವ ಪೈಕಿ.

ಕಮಲದ ಯಜಮಾನರು ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿ ಹೇಳಿದರು: "ಮೇಷ್ಟ್ರೇ, ಟವಲ್ ತೆಗಿಬೇಕು, ಒಪ್ಪಿದೆ. ಆದ್ರೆ ಈಗ ಕೈ ನಮ್ದೈತಲ್ಲ ಒಳಗೆ. ಯಾರಾನಾ ಒಳಗೆ ಕೈಯಿಟ್ಕಂಡು ಟವಲ್ ಎಳೀತಾರಾ?"

ಕೈಯ ಯಜಮಾನರಿಗೆ ಇದು ನ್ಯಾಯ ಅನ್ನಿಸಿತು. "ಅದೂ ಸರಿ ಬುಡಣ್ಣ. ನಾವು ಬಂದಾಗ ತೆಗಿಯಾನ ಮೇಷ್ಟ್ರೇ, ಏನವಸರ. ಬಂದ್ಮ್ಯಾಕೆ ಒಂದೆರಡು ಜಾತ್ರೆ ಆಗ್ಲಿ."